ಹೊಳಪಿನ ಕೆಳಗಿನ ಗೀರು

ಪುಣೆಯ ನಿಗಡಿಯ ಒಂದು ಡೆಂಟಲ್ ಲ್ಯಾಬಿನಲ್ಲಿ ನಾನು ಆರು ವರ್ಷ ಹಲ್ಲಿನ ಕ್ಯಾಪು ಮಾಡಿದೆ. ಮದುವೆಯಾಗಿ ಧಾರವಾಡದಿಂದ ಬಂದ ಹೊಸತು, ಮರಾಠಿ ಅರ್ಧಂಬರ್ಧ. ಕೆಲಸ ಕಲಿಸುವ ಹಿರಿಯರು ಬೆಳಗಾವಿಯವರು ಎಂದು ತಿಳಿದಾಗ ತವರಿನವರೇ ಸಿಕ್ಕಷ್ಟು ಸಮಾಧಾನವಾಗಿತ್ತು. ಎಲ್ಲರಂತೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ.

ಜಿರ್ಕೋನಿಯಾ ಕ್ಯಾಪು ಕಲ್ಲಿನಷ್ಟು ಗಟ್ಟಿ. ಮಶೀನು ಕೊರೆದು, ಭಟ್ಟಿಯಲ್ಲಿ ಸುಟ್ಟ ಮೇಲೆ ಅದನ್ನು ನಯ ಮಾಡುವುದು ನಮ್ಮ ಕೆಲಸ. ಮೊದಲು ಒರಟು ರಬ್ಬರ್ ಚಕ್ರ, ಆಮೇಲೆ ನಯವಾದದ್ದು, ಅದಕ್ಕಿಂತ ನಯವಾದದ್ದು, ಕಡೆಗೆ ಪೇಸ್ಟು ಹಚ್ಚಿದ ಬ್ರಶ್ಶು. ಕಾಕಾ ಒಂದು ಹಂತವನ್ನೂ ಬಿಡಲು ಕೊಡುತ್ತಿರಲಿಲ್ಲ. ಅವರು ಒಂದು ಮುಗಿಸುವಷ್ಟರಲ್ಲಿ ನಾವು ಮೂರು ಮುಗಿಸುತ್ತೇವೆ ಎಂದು ಹುಡುಗಿಯರೆಲ್ಲ ನಗುತ್ತಿದ್ದೆವು.

ಒಂದು ಶನಿವಾರ ನಾನೇ ಮಾಡಿದ್ದ ದವಡೆ ಹಲ್ಲಿನ ಕ್ಯಾಪೊಂದು ಕ್ಲಿನಿಕ್ಕಿನಿಂದ ವಾಪಸು ಬಂತು. ಕಚ್ಚಿದರೆ ಎತ್ತರ ಅನಿಸುತ್ತದೆ, ತಗ್ಗಿಸಿ ಸಂಜೆಯೊಳಗೆ ಕಳಿಸಬೇಕಂತೆ. ಕಾಕಾ ರಜೆಯಲ್ಲಿದ್ದರು. ನಾನು ಬರ್ ಎನ್ನುವ ಒರಟು ಕೊರೆಮೊನೆ ಹಿಡಿದು, ಬಿಸಿಯೇರದಂತೆ ಬಿಡಬೇಕಾದ ನೀರು ಕೂಡ ಬಿಡದೆ, ಅದರ ನೆತ್ತಿಯನ್ನು ಕೆರೆದೆ. ರಬ್ಬರ್ ಚಕ್ರಗಳನ್ನು ಮುಟ್ಟದೆ, ಗ್ಲೇಜ್ ಎನ್ನುವ ಗಾಜಿನಂಥ ತೆಳು ಲೇಪ ಬಳಿದು ಭಟ್ಟಿಗಿಟ್ಟೆ. ಕನ್ನಡಿಯ ಹಾಗೆ ಮಿಂಚುತ್ತ ಹೊರಬಂತು. ಹೆಮ್ಮೆಯೇ ಆಯಿತು.

ವರ್ಷ ತುಂಬುವ ಮೊದಲೇ ಅದು ಎರಡು ಹೋಳಾಗಿ, ಪುಟ್ಟ ಪ್ಲಾಸ್ಟಿಕ್ ಚೀಲದಲ್ಲಿ ಮರಳಿತು. ಮಾಲೀಕರು ಡಾಕ್ಟರರೇ ಕೆಡಿಸಿರಬೇಕು ಎಂದರು. ಕಾಕಾ ಹೋಳುಗಳನ್ನು ಭೂತಗನ್ನಡಿಯ ಕೆಳಗಿಟ್ಟು ನನ್ನನ್ನು ಕರೆದರು. ಲೇಪ ಸವೆದ ಕಡೆ ನನ್ನ ಬರ್‌ನ ಗೀರುಗಳು ಹಾಗೇ ಇದ್ದವು; ಸೀಳು ಹೊರಟದ್ದು ಅವುಗಳಲ್ಲೊಂದರಿಂದ. ನಾನು ಒಪ್ಪಿಕೊಂಡೆ.

“ಮ್ಯಾಲ ಬಳದ್ರ ಗೀರು ಮುಚ್ಚತಾವ, ಹೋಗೂದಿಲ್ಲವ್ವಾ,” ಎಂದರು. ಬೈಯಲಿಲ್ಲ. ಅದು ಯಾರ ಬಾಯಿಯಲ್ಲಿತ್ತೋ ಅವರನ್ನು ನೋಡಿ ಬಾ ಎಂದು ಕ್ಲಿನಿಕ್ಕಿಗೆ ಕಳಿಸಿದರು.

ಅಲ್ಲಿ ಕೂತಿದ್ದವರು ಗದಗಿನ ಕಡೆಯ ನಿವೃತ್ತ ಅಕ್ಕೋರು, ಕನ್ನಡ ಶಾಲೆಯಲ್ಲಿ ಕಲಿಸಿದವರು. ಕ್ಯಾಪು ಮಾಡಿದ್ದು ನಾನೇ, ತಪ್ಪು ನನ್ನದೇ ಎಂದು ಹೇಳಿದೆ. ಅವರು ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡರು.

“ನಾ ಕಟಕ ರೊಟ್ಟಿ ಕಡದದ್ದಕ್ಕ ಮುರೀತು ಅನ್ಕೊಂಡಿದ್ದೆ. ಮಗಳಿಗೆ ಹೇಳಲಿಕ್ಕೂ ನಾಚಿಕಿ ಆಗಿ, ತಿಂಗಳಿಂದ ಬರೇ ಅನ್ನ ಉಣ್ಣಾಕತ್ತೀನಿ.”

ಲ್ಯಾಬಿಗೆ ಮರಳಿದೆ. ಹೊಸ ಕ್ಯಾಪಿಗೆ ಎರಡು ದಿನ ತೆಗೆದುಕೊಂಡೆ. ಪ್ರತಿ ಹಂತದಲ್ಲೂ ಭೂತಗನ್ನಡಿಯಲ್ಲಿ ನೋಡಿ, ಒಂದು ಗೆರೆಯೂ ಉಳಿದಿಲ್ಲ ಎನಿಸಿದ ಮೇಲೆ ಮುಂದಿನದು. ಕಾಕಾ ಪಕ್ಕದಲ್ಲೇ ಕೂತು ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದರು, ಒಮ್ಮೆಯೂ ಅವಸರ ಮಾಡಲಿಲ್ಲ. ಆ ಎರಡು ದಿನಗಳ ಸದ್ದು, ಸುಟ್ಟ ರಬ್ಬರಿನ ವಾಸನೆ, ನಡುನಡುವೆ ಅವರು ತರಿಸುತ್ತಿದ್ದ ಚಹಾ, ಈಗಲೂ ನೆನಪಾದರೆ ಹಿತವೆನಿಸುತ್ತದೆ.

ಆಮೇಲೆ ಲ್ಯಾಬು ಮುಚ್ಚಿತು. ಕಾಕಾ ಬೆಳಗಾವಿಗೆ ಮಗಳ ಮನೆಗೆ ಹೋದರು; ನಾನು ಪುಣೆಯದೇ ವಿಮಾನ ನಗರದ ದೊಡ್ಡ ಲ್ಯಾಬು ಸೇರಿದೆ. ಈಚೆಗೆ ಅಕ್ಕೋರು ಫೋನ್ ಮಾಡಿದ್ದರು. ಒಂಬತ್ತು ವರ್ಷವಾದರೂ ಕ್ಯಾಪು ಗಟ್ಟಿಯಾಗಿದೆ, ಅದಕ್ಕೆ ತಾಗುವ ಎದುರಿನ ಹಲ್ಲೂ ಸವೆದಿಲ್ಲ ಎಂದು ಡಾಕ್ಟರು ಹೇಳಿದರಂತೆ. ಕೂಡಲೇ ಕಾಕಾಗೆ ತಿಳಿಸಿದೆ. ಅವರು “ಛಲೋ ಆತು” ಎಂದಷ್ಟೇ ಹೇಳಿ, ಪುಣೆಯಲ್ಲಿ ಈ ಸಲ ಥಂಡಿ ಹೇಗಿದೆ ಎಂದು ಕೇಳಿದರು.