ವ್ಯಾನಿನೊಳಗಿನ ಅಣಕ

ನಿಟ್ಟೂರಿನ ನಾಗೇಶ್ ಸುತ್ತಲಿನ ಊರುಗಳ ಮಕ್ಕಳನ್ನು ಗುಬ್ಬಿಯ ಶಾಲೆಗೆ ವ್ಯಾನಿನಲ್ಲಿ ಕರೆದೊಯ್ಯುತ್ತಿದ್ದ. ಅವನ ಮಗಳು ಸಿಂಚನಾ ಕೂಡ ಅದೇ ವ್ಯಾನಿನಲ್ಲಿ ಹೋಗುತ್ತಿದ್ದಳು. ಆ ವರ್ಷ ಹೊಸದಾಗಿ ಸೇರಿದ ಭೂಮಿಕಾಳಿಗೆ ಮಾತು ತೊದಲುತ್ತಿತ್ತು. ಬರಬರುತ್ತಾ ಅವಳು ಮಾತೇ ಬಿಟ್ಟಳು. ಹಾರನ್ ಕೇಳಿದರೆ ಸಾಕು, ಮನೆಯ ಗೇಟು ಹಿಡಿದು ಅಳುತ್ತಿದ್ದಳು.

ಯಾರೋ ದೊಡ್ಡ ಹುಡುಗರ ಕಾಟವಿರಬೇಕೆಂದು ನಾಗೇಶ್ ಒಂದು ಸಂಜೆ ವ್ಯಾನ್ ಓಡಿಸುತ್ತಾ ಕನ್ನಡಿಯ ಮೇಲೆ ಕಣ್ಣಿಟ್ಟ. ಭೂಮಿಕಾಳನ್ನು ಅಣಕಿಸಿ ಎಲ್ಲರನ್ನೂ ನಗಿಸುತ್ತಿದ್ದವಳು ಸಿಂಚನಾ!

"ಯಾಕವ್ವಾ ಹಿಂಗ್ ಮಾಡ್ದೆ?" ಎಂದು ಮನೆಯಲ್ಲಿ ಕೇಳಿದ.

ಅವಳು ಬಿಕ್ಕಿದಳು. "ಮೊದ್ಲು ನನ್ನೇ ಡ್ರೈವರ್ ಮಗ್ಳು ಅಂತ ಆಡ್ಕೋತಿದ್ರು ಅಪ್ಪಾ. ಅವ್ಳು ಬಂದ್ಮೇಲೆ ನನ್ನ ಬುಟ್ರು. ನಾನು ಸುಮ್ನಾದ್ರೆ ಮತ್ತೆ ನನ್ನೇ ಹಿಡ್ಕೋತಾರೆ."

ಗದರಬೇಕೆಂದಿದ್ದ ನಾಗೇಶ್ ಅವಳ ಕಣ್ಣೊರೆಸಿದ. ಶಾಲೆಗೆ ತಿಳಿಸಿದರೆ ಮಗಳ ಹೆಸರು ಕೆಡುತ್ತದೆ. ಮುಚ್ಚಿಟ್ಟರೆ ಇನ್ನೊಬ್ಬರ ಮಗು ಸೊರಗುತ್ತದೆ. ಮರುದಿನ ಮಗಳ ಕೈಹಿಡಿದು ಹೋಗಿ, ಟೀಚರ್ ಪ್ರಮೀಳಾ ಅವರಿಗೆ ಎಲ್ಲವನ್ನೂ ಹೇಳಿದ.

"ಇವ್ಳಿಗ್ ಬುದ್ಧಿ ಹೇಳಿ ಮೇಡಂ. ಆದ್ರೆ ಇವ್ಳನ್ನೂ ಯಾರೂ ಆಡ್ಕೊಳ್ದಂಗ್ ನೋಡ್ಕಳಿ."

ಪ್ರಮೀಳಾ ಒಂದೊಂದು ಮಗುವನ್ನೂ ಬೇರೆಬೇರೆಯಾಗಿ ಕೂರಿಸಿಕೊಂಡು ಮಾತಾಡಿದರು. ಅಣಕ ನಿಂತಿತು. ಸಿಂಚನಾ ತಪ್ಪಾಯಿತೆಂದಾಗ ಭೂಮಿಕಾ, "ನ... ನನ್ನ ಪಕ್ಕ ಕೂ... ಕೂರ್ಬೇಡ" ಎಂದಳು. ಅಷ್ಟು ದಿನಗಳಲ್ಲಿ ಅವಳ ಬಾಯಿಂದ ಬಂದ ಮೊದಲ ಮಾತು ಅದು.

ಭೂಮಿಕಾ ಈಗ ಅಳದೆ ವ್ಯಾನ್ ಹತ್ತುತ್ತಾಳೆ. ಆದರೆ ಸಿಂಚನಾಳ ಪಕ್ಕದಲ್ಲಿ ಯಾರೂ ಕೂರುತ್ತಿಲ್ಲ. ಒಂದು ಬೆಳಿಗ್ಗೆ, ಮೂಲೆಯಲ್ಲಿ ಮುದುರಿ ಕುಳಿತ ಮಗಳನ್ನು ನಾಗೇಶ್ ಕನ್ನಡಿಯಲ್ಲಿ ಕಂಡ. ಮಕ್ಕಳನ್ನು ಇಳಿಸಿ, ಅವನು ಮತ್ತೆ ಟೀಚರನ್ನು ಹುಡುಕಿಕೊಂಡು ಹೊರಟ.