ಅಕ್ಕನ ತೂತು ಜೇಬು

ಗಿರಾಕಿ ಅಂತ ತೂಗಿದರೆ ಬೀಳುಹೊಲದ ಅಕ್ಕನ ಕಡೆಗೆ ತಕ್ಕಡಿ ಅಲುಗಾಡುವುದೂ ಇಲ್ಲ. ಅರವತ್ತರ ಹತ್ತಿರದ ಗಟ್ಟಿ ಆಳು. ಅಗಲ ಅಂಗೈ, ಮೊಣಕೈಗೆ ತೇಪೆ ಹಾಕಿದ ಬೂದು ಸ್ವೆಟರು, ಹರಿತವಾದ ನಾಲಿಗೆ. ಆದರೆ ಎಂಟು ವರ್ಷದಿಂದ ನನ್ನ ಬೀಜದಂಗಡಿಯಲ್ಲಿ ಒಂದು ಕಾಳೂ ಕೊಂಡವರಲ್ಲ. ಹಾಗಂತ ಬರುವುದನ್ನೇನೂ ಬಿಟ್ಟಿಲ್ಲ. ಬಿತ್ತನೆಯ ಕಾಲ ಬಂತೆಂದರೆ ದಿನಾ ಹಾಜರು. ಬಾಯಿ ಬಿಚ್ಚಿದ ಸೂರ್ಯಕಾಂತಿ ಮೂಟೆಯೊಳಗೆ ಮೊಣಕೈವರೆಗೆ ಕೈ ಇಳಿಸಿ, ಕಣ್ಣು ಮುಚ್ಚಿ ನಿಂತುಬಿಡುತ್ತಾರೆ.

"ಅಕ್ಕಾ, ಬೀಜ ಮೂಟೇಲೇ ಮೊಳಕೆ ಒಡೆದಾವು, ಕೈ ತೆಗೀರಿ."

"ಸುಮ್ನಿರಿ ಸಾಹುಕಾರ್ರೇ, ಮುಟ್ಟೋಕೂ ದುಡ್ಡಾ? ಈ ಸಲ ಜೊಳ್ಳು ಜಾಸ್ತಿ ಇದೆ, ಮೊದ್ಲು ಅದನ್ನ ನೋಡ್ಕೊಳ್ಳಿ."

ಕೊಳ್ಳದಿರುವುದಕ್ಕೆ ಕಾರಣವಿದೆ. ಗಂಡ ತೀರಿಕೊಂಡ ವರ್ಷವೇ ಹೊಳೆದಂಡೆಯ ಹೊಲಗಳಿಗೆ ಸರ್ಕಾರದ ಯೋಜನೆಯೊಂದು ಬಂತು. ಮಣ್ಣು ಕೊಚ್ಚಿಹೋಗದಂತೆ ಹತ್ತು ವರ್ಷ ಬರೀ ಹುಲ್ಲು ಬೆಳೆಯಲು ಬಿಟ್ಟರೆ ವರ್ಷಾವರ್ಷ ಸಹಾಯಧನ. ನಡುವೆ ಬಿತ್ತಿದರೆ ಕೊಟ್ಟದ್ದೆಲ್ಲ ವಾಪಸ್. ಅತ್ತೆ ಹಾಸಿಗೆ ಹಿಡಿದಿದ್ದರು, ಅಕ್ಕ ದಿನವಿಡೀ ಹೊಲದಲ್ಲಿ ದುಡಿಯುವಂತಿರಲಿಲ್ಲ. ಸಹಿ ಹಾಕಿದರು. ಇವತ್ತಿಗೂ ಅತ್ತೆಯ ಔಷಧಿ ನಡೆಯುವುದು ಆ ಹಣದಲ್ಲೇ. ಕೂತಲ್ಲಿಗೇ ದುಡ್ಡು ಬರುತ್ತದೆ, ಅದೃಷ್ಟವಂತೆ ಎಂದಿತು ಊರು. ಅಕ್ಕ ಮಾತ್ರ ದಿನಾ ಸಂಜೆ ಹೊಲದ ಆ ತುದಿಯಿಂದ ಈ ತುದಿಗೆ ನಡೆಯುತ್ತಿದ್ದರು, ಬೀಗ ಬಿದ್ದ ಅಂಗಡಿಯ ಮುಂದೆ ಮಾಲೀಕ ಅಡ್ಡಾಡಿದ ಹಾಗೆ.

ಈ ವರ್ಷ ತಪಾಸಣೆಗೆ ಬಂದ ಅಧಿಕಾರಿ ಹುಲ್ಲಿನ ನಡುವೆ ಸೂರ್ಯಕಾಂತಿ ಸಸಿಗಳನ್ನು ಕಂಡರು. ಒಂದೇ ಸಾಲು, ದಾರ ಹಿಡಿದ ಹಾಗೆ ನೇರ. ಅಕ್ಕ ನನಗೆ ಹೇಳಿಕಳಿಸಿದರು. ಬೀಜ ಕೊಂಡಿಲ್ಲ ಎನ್ನಲು ಅಂಗಡಿಯವನೇ ಬೇಕಲ್ಲ.

"ಇದು ತಾನಾಗೇ ಹುಟ್ಟಿದ್ದಾ ಅಮ್ಮಾ? ಇಷ್ಟು ನೇರಕ್ಕೆ?" ನಾನು ಹೊಲ ತಲುಪಿದಾಗ ಅಧಿಕಾರಿ ಕೇಳುತ್ತಿದ್ದರು.

"ನಾನು ಬಿತ್ತಿಲ್ಲ ಸಾರ್, ಖಂಡಿತ ಬಿತ್ತಿಲ್ಲ." ಎಂದರು ಅಕ್ಕ. ಕಣ್ಣೊರೆಸಲು ವಸ್ತ್ರಕ್ಕಾಗಿ ಸ್ವೆಟರಿನ ಜೇಬಿಗೆ ಕೈ ಹಾಕಿದರು. ಬೆರಳು ಕೆಳಗಿನಿಂದ ಹೊರಗೆ ಬಂತು.

ನನಗೆ ಆಗ ಹೊಳೆಯಿತು. ಮೂಟೆಯಿಂದ ತೆಗೆದ ಕೈಯನ್ನು, ಬೆರಳ ಸಂದಿಯ ಕಾಳು ಸಮೇತ, ಅವರು ಇಳಿಬಿಡುತ್ತಿದ್ದುದು ಅದೇ ಜೇಬಿಗೆ.

"ಕಳ್ಳ ಮಾಲು ಸಿಕ್ತು ಸಾರ್," ಎಂದು ಜೇಬನ್ನು ಹೊರಗೆಳೆದು ತೋರಿಸಿದೆ. ಹೊಲಿಗೆಯಲ್ಲಿ ಇನ್ನೂ ಎರಡು ಕಾಳು ಸಿಕ್ಕಿಕೊಂಡಿದ್ದವು. "ನಮ್ಮಂಗಡಿದೇ. ನಡೀತಾ ನಡೀತಾ ಉದುರಿದೆ."

"ಉದುರಿದ್ದು ಸರಿ ಕಣ್ರೀ, ಸಾಲು ಹೇಗಾಯ್ತು?"

"ಮೂವತ್ತು ವರ್ಷ ಕೂರಿಗೆ ಹಿಂದೆ ಬಿತ್ತುತ್ತಾ ನಡೆದ ಕಾಲು ಸಾರ್," ಎಂದರು ಅಕ್ಕ ಮೆಲ್ಲಗೆ. "ಸೊಟ್ಟಗೆ ನಡಿಯೋಕೆ ಬರೋಲ್ಲ."

ಅಧಿಕಾರಿಗೆ ನಗು ತಡೆಯಲಾಗಲಿಲ್ಲ. "ಈಗ್ಲೇ ಕಿತ್ತುಬಿಡಿ. ನಾನು ಹುಲ್ಲು ಅಂತಲೇ ಬರ್ಕೋತೀನಿ."

ಅಕ್ಕ ಬಗ್ಗಿ ಒಂದೊಂದೇ ಸಸಿ ಕಿತ್ತರು. ನಾನೂ ಕೈಹಾಕಿದೆ.

"ಬಿಡಿ ಬಿಡಿ, ಬೇರು ಹರೀತೀರಿ!" ಎಂದು ಗದರಿದರು. ಎಸೆಯುವ ಸಸಿಗೆ ಬೇರಿದ್ದರೇನು, ಹರಿದರೇನು? ಆದರೂ ಕೈ ತೆಗೆದೆ. ಕೊನೆಯ ಸಸಿಯನ್ನು ಮಣ್ಣು ಉದುರಿಸದೆ ಅಂಗೈಯಲ್ಲಿಟ್ಟುಕೊಂಡರು.

"ಇನ್ನೂ ಎರಡು ವರ್ಷ ಇದೆ ಸಾಹುಕಾರ್ರೇ. ಅಷ್ಟೊತ್ತಿಗೆ ಈ ಕಾಲಲ್ಲಿ ಬಲ ಇರುತ್ತಾ?"

"ಕಾಲಿಗೆ ನಾನು ಗ್ಯಾರಂಟಿ ಕೊಡೋಲ್ಲ ಅಕ್ಕಾ. ಬೀಜಕ್ಕೆ ಕೊಡ್ತೀನಿ, ನಾನೇ ತಂದಿಳಿಸ್ತೀನಿ."

ಅಧಿಕಾರಿಯ ಎದುರೇ ಆಡಿದ ಮಾತು, ಹಿಂದೆಗೆಯುವಂತಿಲ್ಲ. ಒಪ್ಪಂದ ಮುಗಿದ ಮರುದಿನ, ಜೊಳ್ಳು ಕೇರಿ ತೆಗೆದ ಒಂದು ಮೂಟೆ ಸೂರ್ಯಕಾಂತಿ ಬೀಜವನ್ನು ನಾನು ಅಕ್ಕನ ಬಾಗಿಲಿಗೆ ತಲುಪಿಸಬೇಕು.