ಮುಂಚೆ ಹೋಗಿ ನೋಡಿ ಬರುವ ದೊಡ್ಡಪ್ಪ

ನಮ್ಮ ದೊಡ್ಡಪ್ಪ ಯಾವ ಊರಿಗೂ ಒಂದೇ ಸಲ ಹೋದವರಲ್ಲ. ಮೊದಲು ಒಬ್ಬರೇ ಹೋಗಿ ನೋಡಿಕೊಂಡು ಬರುತ್ತಿದ್ದರು, ಆಮೇಲೆ ನಮ್ಮನ್ನು ಹೊರಡಿಸುತ್ತಿದ್ದರು. ಹೊಳಲ್ಕೆರೆಯಲ್ಲಿ ನೆಂಟರ ಮದುವೆಯಿದ್ದರೆ ಹಿಂದಿನ ದಿನವೇ ಹೋಗಿ, ಕುಡಿಯುವ ನೀರೆಲ್ಲಿದೆ, ಹೆಂಗಸರು ಮಲಗುವುದೆಲ್ಲಿ ಎಂದು ವಿಚಾರಿಸಿ, ಉಳಿದುಕೊಳ್ಳಿ ಎಂದರೂ ಕೇಳದೆ ನಮ್ಮೂರು ಮಾರಿಕಣಿವೆಗೆ ವಾಪಸಾಗುತ್ತಿದ್ದರು. ಮರುದಿನ ನಮ್ಮ ಜೊತೆ ಮತ್ತೆ ಪ್ರಯಾಣ. ನೆಂಟರು ನಗುತ್ತಿದ್ದರು.

"ಮತ್ತೋಡಿನ ಕುರಿಯೋರ ಮನೆ ಕಣಲೇ ನಮ್ದು. ಮುಂದಕ್ಕೆ ಒಬ್ಬ ಹೋಗಿ ಮೇವು ನೀರು ನೋಡ್ಕಂಡು ಬರ್ದೆ ಮಂದೆ ಎಬ್ಬಿಸ್ತಾರೇನು?" ಎನ್ನುತ್ತಿದ್ದರು.

ಕುರಿ ಬಿಟ್ಟು ನೀರಾವರಿ ಇಲಾಖೆಗೆ ಸೇರಿ ಎಷ್ಟೋ ಕಾಲವಾಗಿತ್ತು. ಅವರಿಗೆ ಮಕ್ಕಳಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವನೂ ನಾನೂ ಅವರ ಜೊತೆಗೇ ಇದ್ದೆವು. ದೊಡ್ಡಮ್ಮನನ್ನೂ ಸೇರಿಸಿ ಅವರ ಮಂದೆ ಎಂದರೆ ನಾವೇ.

ದೊಡ್ಡಮ್ಮನಿಗೆ ಸಮುದ್ರ ನೋಡುವ ಹುಚ್ಚು. ಅಣೆಕಟ್ಟೆಯ ಮೇಲೆ ನಿಂತಾಗಲೆಲ್ಲ, "ಇದಕ್ಕಿಂತ ದೊಡ್ದೇನ್ರಿ ಸಮುದ್ರ?" ಎನ್ನುತ್ತಿದ್ದರು.

"ಅದಕ್ಕೆ ಆ ಕಡೆ ದಡಾನೇ ಇಲ್ವಂತೆ. ಈ ಬ್ಯಾಸಿಗೆಗೆ ಹೋಗಾಣ ಬಿಡು."

ಕಾರವಾರದ ಕಡೆ, ದೋಣಿ ದಾಟಿ ಹೋಗಬೇಕಾದ ಒಂದು ಮೂಲೆಯ ಊರಿನಲ್ಲಿ ಪರಿಚಯದವರ ಖಾಲಿ ಮನೆಯೊಂದು ಗೊತ್ತಾಯಿತು. ನಾನಾಗ ಇನ್ನೂ ಚಿಕ್ಕ ಹುಡುಗ. ಎಂದಿನಂತೆ ದೊಡ್ಡಪ್ಪ ಮೊದಲು ಹೋದರು. ವಾಪಸು ಬಂದವರು ಚಪ್ಪಲಿಯನ್ನೂ ಬಿಡದೆ ಒಳಗೆ ಬಂದು ಕುಳಿತು, ದೊಡ್ಡಮ್ಮನ ಮುಖವನ್ನೇ ನೋಡುತ್ತಾ, "ಈ ವರ್ಷ ಬ್ಯಾಡ" ಎಂದರು.

ಆಮೇಲೆ ಪ್ರತಿ ಬೇಸಿಗೆಯೂ ಇದೇ ಕಥೆ. ಯಾವ ಬಸ್ಸು, ಎಲ್ಲಿ ಊಟ ಎಂದು ದೊಡ್ಡಪ್ಪನೇ ಉತ್ಸಾಹದಿಂದ ಮಾತೆತ್ತುವರು. ದೊಡ್ಡಮ್ಮ ರೊಟ್ಟಿ ತಟ್ಟಿ ಒಣಗಿಸುವರು. ಹೊರಡುವ ಹೊತ್ತಿಗೆ "ಈ ವರ್ಷ ಬ್ಯಾಡ." ಆ ರೊಟ್ಟಿಯನ್ನು ನಾವು ಮನೆಯಲ್ಲೇ ತಿಂದು ಮುಗಿಸುತ್ತಿದ್ದೆವು. ವಿಚಿತ್ರವೆಂದರೆ, ನನಗೆ ಮೀಸೆ ಚಿಗುರಿದಾಗ ದೊಡ್ಡಪ್ಪ ಬೆಚ್ಚಿಬಿದ್ದರು. ತಾವೇ ಬ್ಲೇಡು ತಂದಿಟ್ಟು, "ಬೋಳಿಸ್ಕಳೋ, ಚೆಂದ ಕಾಣಲ್ಲ" ಎಂದು ದಿನಾ ಗೋಗರೆಯುತ್ತಿದ್ದರು. ನಾನೋ ಕಾಲೇಜು ಹುಡುಗ, ಬಿಡುತ್ತೇನೆಯೇ?

ಕೊನೆಗೆ ದೊಡ್ಡಮ್ಮನಿಗೆ ಎದೆನೋವು ಶುರುವಾಯಿತು. "ಇನ್ಯಾವಾಗ್ರಿ ನಾನು ನೋಡೋದು?" ಎಂದು ಅತ್ತುಬಿಟ್ಟರು. ಅಂದು ದೊಡ್ಡಪ್ಪ ನನ್ನನ್ನು ಕಾಲುವೆಯ ದಂಡೆಗೆ ಕರೆದುಕೊಂಡು ಹೋದರು.

"ಅವತ್ತು ಆ ಮನೆ ಗೇಟಿಗೆ ಹೋದ್ನಲ್ಲ, ನೀವು ಆಗ್ಲೇ ಅಲ್ಲಿದ್ರಿ ಕಣಲೇ. ಜಗಲಿ ಮ್ಯಾಲೆ. ನಿಮ್ಮವ್ವ, ನೀನು. ನಿಂಗೆ ಮೀಸೆ ಬಂದಿತ್ತು. ನಿಮ್ಮ ದೊಡ್ಡಮ್ಮ ಒದ್ದೆ ಸೀರೇಲಿ ಕುಂತಿದ್ಲು, ಹಣೇಲಿ ಕುಂಕುಮ ಇರ್ಲಿಲ್ಲ. ನಾನು ಎಲ್ಲೂ ಇರ್ಲಿಲ್ಲ."

ದೊಡ್ಡಪ್ಪ ಟವೆಲಿನಿಂದ ಮುಖ ಒರೆಸಿಕೊಂಡರು. "ಇರ್ಲಿಲ್ಲ ಅಂದ್ರೆ ಸತ್ತೇ ಹೋಗಿರ್ಬೇಕೇನು? ಮನೇಲಿದ್ದೆ ಅಂತಾಗ್ಲಿ. ನೀವು ಹೋಗ್ಬರ್ರಿ."

ನಾವು ಮೂವರೇ ಹೋದೆವು. ದೊಡ್ಡಮ್ಮ ಅಲೆಯಲ್ಲಿ ಮುಳುಗೆದ್ದು, ಎಳೆ ಹುಡುಗಿಯ ಹಾಗೆ ನಗುತ್ತಾ ಬಂದು, ಸೀರೆ ಕೂಡ ಬದಲಿಸದೆ ಜಗಲಿಯ ಮೇಲೆ ಕುಳಿತರು. ಕುಂಕುಮ ಉಪ್ಪುನೀರಿನಲ್ಲಿ ತೊಳೆದುಹೋಗಿತ್ತು. ದೊಡ್ಡಪ್ಪ ಹೇಳಿದ್ದು ಇದೇ ಎಂದು ನನಗೆ ಹೊಳೆಯುವುದಕ್ಕೂ ದೊಡ್ಡಮ್ಮ ಗೇಟಿನ ಕಡೆ ಕೈ ಮಾಡುವುದಕ್ಕೂ ಸರಿಹೋಯಿತು.

"ಅಯ್ಯೋ, ಬಂದೇಬಿಟ್ರಲ್ಲ! ಬರ್ರಿ ಒಳಗೆ, ಅಲ್ಯಾಕೆ ನಿಂತ್ಕಂಡ್ರಿ?"

ಇಳಿಬಿಸಿಲಿನಲ್ಲಿ ಗೇಟು ಹಿಡಿದುಕೊಂಡು ದೊಡ್ಡಪ್ಪ ನಿಂತಿದ್ದರು. ತಲೆಯಲ್ಲಿ ಒಂದು ಕೂದಲೂ ನರೆತಿರಲಿಲ್ಲ. ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, ತಿರುಗಿ ಓಡಿದರು. ನಾನು ಹೋಗುವಷ್ಟರಲ್ಲಿ ದಾರಿ ಖಾಲಿಯಾಗಿತ್ತು.

ಊರಿಗೆ ಬಂದರೆ ನರೆತ ತಲೆಯ ದೊಡ್ಡಪ್ಪ ಕ್ಷೇಮವಾಗಿದ್ದರು. ನಡೆದದ್ದನ್ನೆಲ್ಲ ಕೇಳಿಸಿಕೊಂಡು, "ಸಮುದ್ರದಾಗೆ ತೊಳ್ಕಂಡು ಹೋಗಿತ್ತಾ?" ಎಂದು ಮತ್ತೆ ಮತ್ತೆ ಕೇಳಿದರು. "ನಮ್ ಕಡೆ ಕೆರೆ ತುಂಬಿದ್ರೆ ನೀರಿಗೆ ಕುಂಕುಮ ಕೊಡ್ತೀವಿ. ನೀರೇ ಕುಂಕುಮ ಅಳಿಸ್ತೈತೆ ಅಂತ ನಂಗೆ ಹೊಳೀಲೇ ಇಲ್ವಲ್ಲೋ." ಆಮೇಲೆ ದೊಡ್ಡಮ್ಮನ ಕೈ ಹಿಡಿದುಕೊಂಡು, "ಇಷ್ಟು ವರ್ಷ ನಿನ್ನ ತಡೆದ್ನಲ್ಲೇ" ಎಂದು ಬಿಕ್ಕಿದರು.

"ಮುಂದಿನ ಬ್ಯಾಸಿಗೆಗೆ ಇಬ್ರೂ ಹೋಗಾಣ ಬಿಡ್ರಿ" ಎಂದರು ದೊಡ್ಡಮ್ಮ. ದೀಪಾವಳಿಗೂ ಮುಂಚೆ ಅವರು ತೀರಿಕೊಂಡರು.

ಬೇಸಿಗೆ ಬಂದಾಗ ದೊಡ್ಡಪ್ಪ ಒಬ್ಬರೇ ಹೊರಟರು, ಮರಳಲಿಲ್ಲ. ನಾನು ಹುಡುಕಿಕೊಂಡು ಹೋದೆ. ದೋಣಿಯವನು ಅವರನ್ನು ದಾಟಿಸಿದ್ದು ನೆನಪಿದೆ ಎಂದ. ಆ ಖಾಲಿ ಮನೆಯ ಪಕ್ಕದವರು ಅಂಥ ಯಾರೂ ಬಂದೇ ಇಲ್ಲ ಎಂದರು.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಚಿತ್ರದುರ್ಗದ ಬಸ್ ಸ್ಟ್ಯಾಂಡಿನಲ್ಲಿ. "ಅಲ್ಲಿ ಯಾರವ್ರೆ ಅಂತ ಹೋಗ್ತೀರಿ ದೊಡ್ಡಪ್ಪ?" ಎಂದೆ.

"ಯಾರವ್ರೆ ಅಂದ್ರೆ? ನಿಮ್ಮ ದೊಡ್ಡಮ್ಮ ಜಗಲಿ ಮ್ಯಾಲೆ ಕುಂತವ್ಳಲ್ಲೋ! ಅವತ್ತು ಕರೆದ್ಲು, ಹೆದರಿ ಓಡಿಬಂದೆ. ಈ ಸಲ ಒಳಗೆ ಹೋಗ್ತೀನಿ."

ಕಿಟಕಿಯಿಂದ ಅವರ ಚೀಲ ಕೊಡುವಾಗ ನೋಡಿದೆ. ಅವರದೊಂದು ಬಟ್ಟೆಯೂ ಇರಲಿಲ್ಲ. ದೊಡ್ಡಮ್ಮನ ಸೀರೆಯೊಂದನ್ನು ಮಡಿಸಿ ಇಟ್ಟುಕೊಂಡಿದ್ದರು.

"ಒದ್ದೆ ಸೀರೇಲೇ ಕುಂತವ್ಳೆ ಕಣಲೇ," ಎಂದರು. "ಬದಲಾಯಿಸ್ಕಳ್ಲಿ."